ಘಾಲಾ ಗೋದಾಮಿನ ಕೀಲಿಕೈ

ಪಿಯುಸ್ ಮಿನೇಜಸ್ ನಿರ್ಮಿಸಿದ ಯಾವ ಸಿನಿಮಾಕ್ಕೆ ಹೋದರೂ ಕಥೆ ಶುರುವಾಗುವ ಮೊದಲು ನಾಲ್ಕು ನಿಮಿಷ ಬರೀ ಉಪಕಾರಸ್ಮರಣೆ. ಮಸ್ಕತ್ತಿನಲ್ಲಿರುವ ಮಂಗಳೂರು, ಉಡುಪಿ ಕಡೆಯವರು ಅದಕ್ಕೆ ಪಿಯುಸನ ಪಟ್ಟಿ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ಹೆಸರು ಹಾಕುವುದೇನು, ಎಲ್ಲ ನಿರ್ಮಾಪಕರೂ ಹಾಕುತ್ತಾರೆ. ಆದರೆ ಪಿಯುಸನ ಕ್ರಮವೇ ಬೇರೆ. ಯಾರು ಎಂದಷ್ಟೇ ಅಲ್ಲ, ಅವರು ಏನು ಕೊಟ್ಟರು ಎಂಬುದೂ ತೆರೆಯ ಮೇಲೆ ಬರಬೇಕು. ಮದುವೆ ದೃಶ್ಯಕ್ಕೆ ಕೆಂಪು ಸೀರೆ ಕೊಟ್ಟವರು ಜೊವಿಟಾ. ಐವತ್ತು ಜನರಿಗೆ ಕೋಳಿ ಪದಾರ್ಥ ಮಾಡಿ ತಂದವರು ವಿನೋದಾ ಮತ್ತು ಅವರ ಅತ್ತೆ. ಬಿಸಿಲಿಗೆ ಕೊಡೆ ಹಿಡಿದವರು ಜೋಶುವಾ. ಹೀಗೆ ಸಾಗುತ್ತದೆ. ತಮ್ಮ ಹೆಸರು ಬಂದಾಗ ಚಪ್ಪಾಳೆ ತಟ್ಟಿ, ಆಮೇಲೆ ಕಥೆಯ ಗೊಡವೆಯೇ ಬೇಡವೆಂದು ಸಮೋಸಾಕ್ಕೆ ಎದ್ದು ಹೋಗುವವರೂ ಇದ್ದಾರೆ. ಪಿಯುಸನಿಗೆ ಅದರ ಬಗ್ಗೆ ಬೇಸರವಿಲ್ಲ. ಸಿನಿಮಾ ಚೆನ್ನಾಗಿಲ್ಲ ಎಂದವರನ್ನು ಅವನು ಮರುದಿನವೇ ಕ್ಷಮಿಸಿದ್ದಾನೆ, ಪಟ್ಟಿ ಉದ್ದವಾಯಿತು ಎಂದವರ ಜೊತೆ ಮಾತ್ರ ಒಂದು ವಾರ ಮುಖ ಊದಿಸಿಕೊಂಡು ತಿರುಗಿದ್ದಾನೆ.

ಈಗ ಅವನ ಏಳನೆಯ ಸಿನಿಮಾ ತಯಾರಾಗಿತ್ತು. ಕನ್ನಡದ್ದು. ಅದೇ ಕೊನೆಯದು ಕೂಡ. ಪಿಯುಸನಿಗೆ ಅರವತ್ತು ತುಂಬಿತ್ತು. ಇಪ್ಪತ್ತೊಂಬತ್ತು ವರ್ಷ ದುಡಿದ ಕಂಪನಿಯಿಂದ, ಅದರಲ್ಲೂ ಕೊನೆಯ ಇಪ್ಪತ್ತನಾಲ್ಕು ವರ್ಷ ತಾನೇ ಮುಖ್ಯಸ್ಥನಾಗಿದ್ದ, ಮಸ್ಕತ್ತಿನ ಘಾಲಾ ಬಡಾವಣೆಯ ಸ್ಟುಡಿಯೊದಿಂದ, ಅವನು ನಿವೃತ್ತನಾಗುವವನಿದ್ದ. ಬೀಳ್ಕೊಡುಗೆಗೆ ಹಾರ, ಶಾಲು ಬೇಡ, ನನ್ನ ಸಿನಿಮಾ ತೋರಿಸಿ ಸಾಕು ಎಂದು ಅವನೇ ಹೇಳಿದ್ದ. ಕಂಪನಿ ಒಂದು ಶುಕ್ರವಾರ ಬೆಳಿಗ್ಗೆಗೆ ಥಿಯೇಟರು ಹಿಡಿಯಿತು. ಮರುದಿನ ಶನಿವಾರ ಅವನಿಗೂ ಹೆಂಡತಿ ವಿಕ್ಟೋರಿಯಾಳಿಗೂ ಮಂಗಳೂರಿಗೆ ಟಿಕೆಟ್ ಆಗಿತ್ತು.

ಆ ಶುಕ್ರವಾರಕ್ಕೆ ಇನ್ನೂ ಹತ್ತು ದಿನ ಇರುವಾಗ ನಿರ್ದೇಶಕ ರೋಹನ್ ಎಡಿಟಿಂಗ್ ಕೋಣೆಯಲ್ಲಿ ತಕರಾರು ತೆಗೆದ. ರೋಹನ್ ಪುತ್ತೂರಿನವನು, ಮೂವತ್ತರ ಹರೆಯ, ಕೆಲಸದಲ್ಲಿ ಚುರುಕು.

"ಸರ್, ಹನ್ನೊಂದೂವರೆಗೆ ಹಾಲ್ ಬಿಟ್ಟು ಕೊಡ್ಬೇಕು, ಜುಮಾ ನಮಾಜು ಉಂಟಲ್ಲ. ಈ ಪಟ್ಟಿಯನ್ನು ಒಂದು ಕೊನೆಗೆ ಹಾಕುವಾ."

"ಕೊನೆಗೆ ಹಾಕಿದ್ರೆ ಯಾರು ನೋಡ್ತಾರೆ ಮಾರಾಯ? ಎಲ್ಲ ಬಿರಿಯಾನಿಗೆ ಓಡಿ ಆಗಿರ್ತದೆ" ಎಂದ ಪಿಯುಸ್.

ಬೇಕಾದರೆ ಸಿನಿಮಾದ ನಡುವಿನ ಹಾಡು ತೆಗೆ, ಪಟ್ಟಿ ಮುಟ್ಟಬೇಡ ಎಂದೂ ಸೇರಿಸಿದ. ರೋಹನ್ ತಲೆಗೆ ಕೈ ಹಚ್ಚಿಕೊಂಡು ಕುಳಿತ. ಆಮೇಲೆ ಪಿಯುಸ್ ಪಟ್ಟಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿ, ಎಲ್ಲಕ್ಕಿಂತ ಮೊದಲು ಒಂದು ಸಾಲಿಗೆ ಜಾಗ ಬಿಡು, ಏನು ಬರೆಯಬೇಕೆಂದು ಆಮೇಲೆ ಹೇಳುತ್ತೇನೆ ಎಂದ. ಹೇಳುವಾಗ ಅವನ ದನಿ ಸಣ್ಣಗಾಗಿತ್ತು.

ವಿಷಯ ಇಷ್ಟೇ. ಆರು ಸಿನಿಮಾಗಳ ಪಟ್ಟಿಯಲ್ಲಿ ಕೊಡೆ ಹಿಡಿದವರಿಂದ ಹಿಡಿದು ಕುರ್ಚಿ ಎತ್ತಿಟ್ಟವರವರೆಗೆ ಎಲ್ಲರೂ ಬಂದಿದ್ದರು. ಯಾರಿಂದ ಅವನು ನಿರ್ಮಾಪಕನಾದನೋ ಆ ಒಬ್ಬ ಮನುಷ್ಯನ ಹೆಸರು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಮರೆತದ್ದಲ್ಲ. ಆ ಹೆಸರಿನ ಪಕ್ಕದಲ್ಲಿ ಏನು ಬರೆಯಬೇಕೆಂದು ತಿಳಿಯದೆ, ಪ್ರತಿ ಸಲವೂ ಬಿಟ್ಟದ್ದು. ಈಗ ಉಳಿದದ್ದು ಒಂದೇ ಪಟ್ಟಿ.

ಆ ಮನುಷ್ಯನ ಹೆಸರು ಖಲ್ಫಾನ್. ತೊಂಬತ್ತಾರರಲ್ಲಿ ಪಿಯುಸ್ ಮೊದಲ ಬಾರಿ ಮಸ್ಕತ್ತಿಗೆ ಬಂದಿಳಿದಾಗ ಅವನಿಗೆ ಮೂವತ್ತೊಂದು ವರ್ಷ. ಕಲ್ಯಾಣಪುರದಲ್ಲಿ ನಾಟಕ ಕಟ್ಟಿಕೊಂಡು ಓಡಾಡುತ್ತಿದ್ದವನನ್ನು ಮನೆಯವರು ಒತ್ತಾಯ ಮಾಡಿ ಕಳಿಸಿದ್ದರು. ಡೇರೆ, ಕುರ್ಚಿ, ದೀಪ, ಮೈಕು ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಸ್ಟೋರ್ ಕೀಪರ್ ಕೆಲಸ. ವಿಮಾನ ನಿಲ್ದಾಣದಲ್ಲಿ ಕಫೀಲನೇ, ಅಂದರೆ ವೀಸಾ ಕೊಟ್ಟ ಯಜಮಾನನೇ, ಬಂದು ಕರೆದುಕೊಂಡು ಹೋಗುತ್ತಾನೆ, ಮರ್ಯಾದೆಯಿಂದ ಮಾತಾಡು ಎಂದು ಊರಿನಲ್ಲಿ ಯಾರೋ ಬುದ್ಧಿ ಹೇಳಿ ಕಳಿಸಿದ್ದರು. ಹೊರಗೆ ಬಂದರೆ ದಿಶ್‌ದಾಶಾ ಎಂಬ ಬಿಳೀ ನಿಲುವಂಗಿ, ತಲೆಗೆ ಅಂದವಾಗಿ ಸುತ್ತಿದ ರುಮಾಲು, ಕೈಯಲ್ಲಿ ಪಿಯುಸನ ಫೋಟೊ ಇದ್ದ ಕಾಗದ, ಹಿಂದೆ ಮಿರಿಮಿರಿ ಮಿಂಚುವ ದೊಡ್ಡ ಕಾರು. ಪಿಯುಸ್ ಎರಡೂ ಕೈಗಳಿಂದ ಅವರ ಕೈ ಹಿಡಿದು 'ಅರ್ಬಾಬ್' ಎಂದ. ಯಜಮಾನರೇ ಎಂಬ ಆ ಒಂದು ಪದ ಅವನು ವಿಮಾನದಲ್ಲಿ ಬಾಯಿಪಾಠ ಮಾಡಿಕೊಂಡದ್ದು. ಖಲ್ಫಾನ್ ಏನೋ ಹೇಳಲು ಬಾಯಿ ತೆರೆದರು, ಆಮೇಲೆ ಸುಮ್ಮನಾಗಿ ಅವನ ಪೆಟ್ಟಿಗೆ ಎತ್ತಿ ಕಾರಿನಲ್ಲಿಟ್ಟರು. ಯಜಮಾನನೊಬ್ಬ ಪೆಟ್ಟಿಗೆ ಯಾಕೆ ಎತ್ತುತ್ತಾನೆ ಎಂದು ಪಿಯುಸನಿಗೆ ಆಗ ಹೊಳೆಯಲಿಲ್ಲ. ಎಂಥ ದೊಡ್ಡ ಮನಸ್ಸು ಎಂದುಕೊಂಡ.

ಖಲ್ಫಾನ್ ಕಂಪನಿಯ ಮಂದೂಬ್. ಅಂದರೆ ವೀಸಾ, ಲೇಬರ್ ಕಾರ್ಡ್ ಎಂದು ಸರಕಾರಿ ಕಚೇರಿಗಳ ಸಾಲಿನಲ್ಲಿ ನಿಂತು ಕಾಗದಪತ್ರ ಮಾಡಿಸುವ ನೌಕರ. ಕಾರು ಯಜಮಾನರದ್ದು. ಕಂಪನಿಯ ನಿಜವಾದ ಯಜಮಾನರು ಅಲ್ ಖುವೈರ್‌ನ ಆಫೀಸಿನಲ್ಲಿ ಕೂರುತ್ತಿದ್ದರು. ಘಾಲಾದ ಸ್ಟೋರಿನ ಕಡೆ ತಲೆ ಹಾಕುತ್ತಿರಲಿಲ್ಲ. ಹೀಗಾಗಿ ಪಿಯುಸನ ತಪ್ಪು ತಿದ್ದುವವರೇ ಇರಲಿಲ್ಲ. ಖಲ್ಫಾನ್ ವಾರಕ್ಕೊಮ್ಮೆ ಬರುತ್ತಿದ್ದರು, ಊಟ ಆಯಿತೇ ಎಂದು ಹಿಂದಿಯಲ್ಲಿ ಕೇಳುತ್ತಿದ್ದರು, ಒಂದು ಪೊಟ್ಟಣ ಖರ್ಜೂರ ಇಟ್ಟು ಹೋಗುತ್ತಿದ್ದರು. ಪಿಯುಸ್ ಮನೆಗೆ ಬರೆದ ಪತ್ರಗಳಲ್ಲೆಲ್ಲ ನಮ್ಮ ಕಫೀಲ್ ದೇವರಂಥವರು ಎಂದು ಬರೆದ.

ಎರಡು ವರ್ಷ ಕಳೆಯುವಷ್ಟರಲ್ಲಿ ನಾಟಕದ ಹುಚ್ಚು ಮತ್ತೆ ಹಿಡಿಯಿತು. ಇಗರ್ಜಿಯಲ್ಲಿ ಪರಿಚಯವಾದ ಹತ್ತು ಹನ್ನೆರಡು ಮಂದಿ ಸೇರಿ ಕೊಂಕಣಿಯಲ್ಲಿ ಒಂದು ಸಿನಿಮಾ ಮಾಡುವುದೆಂದು ನಿಶ್ಚಯಿಸಿದರು. ಒಬ್ಬನ ಹತ್ತಿರ ಮದುವೆ ವಿಡಿಯೊ ತೆಗೆಯುವ ಕ್ಯಾಮೆರಾ ಇತ್ತು. ಎಲ್ಲರಿಗೂ ರಜೆ ಸಿಗುವುದು ಶುಕ್ರವಾರ ಮಾತ್ರ. ಕಥೆಯಾದರೋ ಊರಿನ ಒಂದು ಮನೆಯೊಳಗೇ ನಡೆಯುವಂಥದ್ದು. ಆ ಮನೆ ಕಟ್ಟಲು ಜಾಗ ಬೇಕು. ಘಾಲಾದಲ್ಲಿ ಕಂಪನಿಯ ಹಳೇ ಗೋದಾಮೊಂದು ಹರಿದ ಡೇರೆಗಳನ್ನು ತುಂಬಿಕೊಂಡು ಬಿದ್ದಿತ್ತು. ಪಿಯುಸ್ ಧೈರ್ಯ ಮಾಡಿ ಖಲ್ಫಾನರನ್ನೇ ಕೇಳಿದ. ಅರ್ಬಾಬ್, ಶುಕ್ರವಾರಗಳಂದು ನಿಮ್ಮ ಗೋದಾಮು ಸಿಕ್ಕಬಹುದೇ ಎಂದ.

ನಿಮ್ಮ ಗೋದಾಮು ಎಂಬ ಮಾತಿಗೆ ಖಲ್ಫಾನ್ ತುಂಬ ಹೊತ್ತು ಸುಮ್ಮನೆ ನಿಂತರು. ಕೊನೆಗೆ ಅವರು ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು, ಅದರಿಂದ ಒಂದನ್ನು ಬಿಡಿಸಿ, ಅವನ ಅಂಗೈಯಲ್ಲಿಟ್ಟು, "ಖಲಾಸ್, ಆಯ್ತು, ತಗೋ, ಒಳಗೆ ಬೆಂಕಿ ಮಾತ್ರ ಹಚ್ಚಬೇಡ" ಎಂದರು.

ಮೂವತ್ತೊಂದು ಶುಕ್ರವಾರ ಚಿತ್ರೀಕರಣ ನಡೆಯಿತು. ಮೊದಲ ಶುಕ್ರವಾರ ತೆಳ್ಳಗಿದ್ದ ನಾಯಕಿ ಕೊನೆಯ ಶುಕ್ರವಾರ ಏಳು ತಿಂಗಳ ಬಸುರಿ. ನಾಯಕನ ಆಫೀಸಿನವರು ಮೀಸೆ ಬೋಳಿಸಲು ಹೇಳಿದ್ದರಿಂದ ಅರ್ಧ ಸಿನಿಮಾದಲ್ಲಿ ಮೀಸೆ ಇದೆ, ಅರ್ಧದಲ್ಲಿ ಇಲ್ಲ. ಗೋದಾಮಿನ ಕಬ್ಬಿಣದ ಕಂಬಕ್ಕೆ ಗೋಣಿತಾಟು ಸುತ್ತಿ ಅಂಗಳದ ತೆಂಗಿನ ಮರ ಮಾಡಿದ್ದರು. ತಾಯಿ ಅಳುವ ದೃಶ್ಯದಲ್ಲಿ ಆ ಗೋಣಿ ಜಾರಿ, ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ ನಾಲ್ಕು ಎಂಬ ಅಂಕಿ ಎದ್ದು ಕಾಣುತ್ತದೆ. ಇಪ್ಪತ್ತನೆಯ ಶುಕ್ರವಾರದ ಹೊತ್ತಿಗೆ ಖಲ್ಫಾನ್ ಬಂದು, ತನಗೆ ದೂರದ ಬುರೈಮಿ ಊರಿನಲ್ಲಿ ವ್ಯವಹಾರ ನೋಡಿಕೊಳ್ಳಲಿಕ್ಕಿದೆ, ಒಂದು ವರ್ಷ ಇರುವುದಿಲ್ಲ, ಕೆಲಸ ಮುಗಿಯುವವರೆಗೆ ಕೀಲಿಕೈ ನಿನ್ನ ಹತ್ತಿರವೇ ಇರಲಿ ಎಂದು ಹೇಳಿ ಹೋದರು.

ಸತ್ಯ ತಿಳಿದದ್ದು ಆಮೇಲಿನ ಈದ್ ಹಬ್ಬಕ್ಕೆ. ಕಂಪನಿಯ ಊಟಕ್ಕೆ ಪಿಯುಸನೂ ಹೋಗಿದ್ದ. ಅದೇ ಮಿಂಚುವ ಕಾರು ಬಂದು ನಿಂತಿತು. ಹಬ್ಬಕ್ಕೆಂದು ಬುರೈಮಿಯಿಂದ ಬಂದಿದ್ದ ಖಲ್ಫಾನ್ ಓಡಿ ಹೋಗಿ ಹಿಂಬದಿಯ ಬಾಗಿಲು ತೆರೆದು ಹಿಡಿದರು. ಒಳಗಿಂದ ಒಬ್ಬ ವೃದ್ಧರು ಇಳಿದರು, ಎಲ್ಲರೂ ಎದ್ದು ನಿಂತರು. ಪಕ್ಕದಲ್ಲಿದ್ದವರನ್ನು ಯಾರಿದು ಎಂದು ಪಿಯುಸ್ ಕೇಳಿದ. ಅವರು ಅವನನ್ನು ವಿಚಿತ್ರವಾಗಿ ನೋಡಿ, ನಿನ್ನ ಕಫೀಲ್ ಅಲ್ಲವಾ ಎಂದರು. ಬಾಗಿಲು ಹಿಡಿದಿದ್ದ ಖಲ್ಫಾನರ ಕಣ್ಣು ತನ್ನ ಕಡೆ ತಿರುಗುವ ಮೊದಲೇ ಅವನು ಗುಂಪಿನ ಹಿಂದೆ ಸರಿದು ಮರೆಯಾದ. ಅವರಿಗೆ ತಾನು ನೋಡಿದ್ದು ಗೊತ್ತಾಗಬಾರದು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು.

ಸಿನಿಮಾ ಬಿಡುಗಡೆಗೆ ಎರಡು ವಾರವಿತ್ತು. ಪಟ್ಟಿಯ ತುದಿಯಲ್ಲಿ 'ನಮ್ಮ ಕಫೀಲ್ ಖಲ್ಫಾನ್' ಎಂದು ದೊಡ್ಡಕ್ಷರದಲ್ಲಿ ಸಿದ್ಧವಾಗಿತ್ತು. ಮುಖ್ಯ ಅತಿಥಿ ಬೇರೆ ಯಾರೂ ಅಲ್ಲ, ಅದೇ ಯಜಮಾನರು. ಪಿಯುಸ್ ಆ ಸಾಲನ್ನು ತೆಗೆಸಿದ. ಕಫೀಲ್ ಎಂದು ಹಾಕಿದರೆ ಯಜಮಾನರ ಎದುರು ಖಲ್ಫಾನರ ಮಾನ ಹೋಗುತ್ತದೆ. ಮಂದೂಬ್ ಎಂದು ಹಾಕಿದರೆ ನಿಮ್ಮ ಗುಟ್ಟು ನನಗೆ ಗೊತ್ತು ಎಂದು ಅವರ ಮುಖಕ್ಕೇ ಹೇಳಿದ ಹಾಗೆ. ಯಜಮಾನರು ತೆರೆಯ ಮೇಲೆ ತಮ್ಮದೇ ಗೋದಾಮು ಮನೆಯಾಗಿರುವುದನ್ನು ನೋಡಿದರು, ಒಂದು ಮಾತೂ ಆಡದೆ ಹೋದರು. ವಾರದ ನಂತರ ಪಿಯುಸನನ್ನು ಕರೆಸಿ, ನಮಗಾಗಿ ಜಾಹೀರಾತು ಚಿತ್ರ ಮಾಡಲು ನಿನಗೆ ಬರುತ್ತದೆಯೇ ಎಂದು ಕೇಳಿದರು. ಅದೇ ಗೋದಾಮು ಮುಂದೆ ಸ್ಟುಡಿಯೊ ಆಯಿತು. ಮೊದಲು ಒಂದು ಕ್ಯಾಮೆರಾ, ಆಮೇಲೆ ಆರು. ಮೊದಲು ಅಂಗಡಿ ಜಾಹೀರಾತು, ಆಮೇಲೆ ಸಚಿವಾಲಯಗಳ ಸಾಕ್ಷ್ಯಚಿತ್ರ. ಸ್ಟೋರ್ ಕೀಪರ್ ಪಿಯುಸ್ ಸ್ಟುಡಿಯೊ ಮ್ಯಾನೇಜರ್ ಆದ, ಆಮೇಲೆ ಮುಖ್ಯಸ್ಥನಾದ, ನಾಲ್ಕೈದು ವರ್ಷಕ್ಕೊಂದು ತನ್ನ ಭಾಷೆಯ ಸಿನಿಮಾ ಮಾಡಿದ. ಬುರೈಮಿಯಿಂದ ಮರಳಿದ ಖಲ್ಫಾನರನ್ನು ಅವನು ಕೊನೆಯವರೆಗೂ ಅರ್ಬಾಬ್ ಎಂದೇ ಕರೆದ. ಒಂದೊಂದು ಸಿನಿಮಾಕ್ಕೂ ಅವರನ್ನು ಕರೆದ. ಒಂದಕ್ಕೂ ಅವರು ಬರಲಿಲ್ಲ. ಸಿನಿಮಾ ಅವರಿಗೆ ಹಿಡಿಸುವುದಿಲ್ಲ ಎಂದು ಪಿಯುಸ್ ತಿಳಿದಿದ್ದ.

ಈ ಸಲವೂ ಕರೆಯಲು ಹೋದ. ಖಲ್ಫಾನ್ ಈಗ ಅಲ್ ಮಬೇಲಾದಲ್ಲಿ ಮಗನ ಜೊತೆಗಿದ್ದಾರೆ. ಮಗ ಹಮೂದ್‌ಗೆ ಅಲ್ಲೇ ಟಯರ್ ಅಂಗಡಿ. ಎಪ್ಪತ್ತು ದಾಟಿದ ಮುದುಕರು ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ದಿಂಬಿಗೆ ಒರಗಿದ್ದರು. ಅರಬಿ ನಾಲಿಗೆಗೆ ಪಿಯುಸ್ ಎಂಬುದು ಆ ಮನೆಯಲ್ಲಿ ಬಿಯೂಸ್ ಆಗಿತ್ತು. ಖರ್ಜೂರ ಬಂತು, ಅರಬಿ ಕಾಫಿ ಕಹ್ವಾ ಬಂತು. ಹಮೂದ್ ಪಿಯುಸನ ಲೋಟ ತುಂಬಿಸುತ್ತಾ ನಗುನಗುತ್ತಾ, "ಸ್ಟುಡಿಯೊದ ಬಿಯೂಸ್‌ಗೆ ಕಫೀಲ್ ಆಗಿದ್ದದ್ದು ನಾನೇ ಅಂತ ಬಾಬಾ ನಮಗೆ ಚಿಕ್ಕಂದಿನಿಂದ ಹೇಳ್ತಾ ಬಂದಿದ್ದಾರೆ, ಹೌದಾ?" ಎಂದ.

ಪಿಯುಸ್ ಖಲ್ಫಾನರ ಕಡೆ ನೋಡಲಿಲ್ಲ. ಹೌದು ಎಂದ. ಅದನ್ನು ಹೇಳಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಹಾಗಾದರೆ ಈ ಸಲ ಬಾಬಾನನ್ನು ನಾನೇ ಕರೆತರುತ್ತೇನೆ, ಮನೆಯವರೆಲ್ಲ ಬರುತ್ತೇವೆ ಎಂದು ಹಮೂದ್ ಸಂಭ್ರಮದಿಂದ ಹೇಳಿದ. ಆಗ ಖಲ್ಫಾನ್ ಕೇಳಿದರು.

"ನಿನ್ನ ಪಟ್ಟಿ ಇರ್ತದಾ ಬಿಯೂಸ್?"

ಇರುತ್ತದೆ ಅರ್ಬಾಬ್ ಎಂದ ಪಿಯುಸ್. ಮುದುಕರು ತಲೆಯಾಡಿಸಿ ಕೈಯಲ್ಲಿದ್ದ ಲೋಟವನ್ನೇ ನೋಡುತ್ತಾ ಕುಳಿತರು. ಇಷ್ಟು ವರ್ಷ ತಮ್ಮ ಹೆಸರು ಬಾರದ ಬೇಸರ ಅವರಿಗೂ ಇದೆಯೆಂದು ಪಿಯುಸನಿಗೆ ಅನ್ನಿಸಿತು. ಮರಳುವ ದಾರಿಯಲ್ಲಿ ಹೆದ್ದಾರಿಯ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಕುಳಿತಾಗ ಅವನಿಗೆ ನಿಜಕ್ಕೂ ಭಯವಾಯಿತು. ಒಂದೇ ಹಾಲಿನಲ್ಲಿ ಈ ಕಡೆ ತಂದೆಯನ್ನು ಕಫೀಲ್ ಎಂದು ನಂಬಿದ ಮಕ್ಕಳು ಮೊಮ್ಮಕ್ಕಳು, ಆ ಕಡೆ ನಿಜವಾದ ಯಜಮಾನರ ಮಗಳು ರಹ್ಮಾ. ತಂದೆ ತೀರಿಹೋದ ಮೇಲೆ ಕಂಪನಿ ನಡೆಸುತ್ತಿರುವವರು ಅವರೇ. ಹೆಸರು ಹಾಕಿದರೆ ಖಲ್ಫಾನರನ್ನು ಎಲ್ಲರೆದುರು ಕುಗ್ಗಿಸಿದಂತಾಗಬಹುದು. ಹಾಕದೆ ವಿಮಾನ ಹತ್ತಿದರೆ ಅದು ಇನ್ನು ಸರಿಯಾಗುವಂಥದ್ದಲ್ಲ.

ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ವಿಕ್ಟೋರಿಯಾ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಈ ಕಥೆ ಹೊಸತೇನಲ್ಲ, ಪ್ರತಿ ಸಿನಿಮಾಕ್ಕೂ ಗಂಡ ಇದೇ ರೀತಿ ನಿದ್ದೆಗೆಡುವುದನ್ನು ಕಂಡವಳು. ಈ ಸಲ ಮಾತ್ರ ಅವಳ ತಾಳ್ಮೆ ಮುಗಿದಿತ್ತು.

"ಅಲ್ಲ, ಜೊವಿಟಾಳ ಹೆಸರಿನ ಎದುರು ನರ್ಸ್ ಅಂತ ಬರ್ದಿದ್ದೀರಾ? ಸೀರೆ ಕೊಟ್ಟವರು ಅಂತ ಬರ್ದದ್ದು. ಇವರು ಎಂತ ಕೊಟ್ಟದ್ದು? ಕೀಲಿಕೈ ಅಲ್ವಾ? ಅದನ್ನೇ ಬರೀರಿ."

ಪಿಯುಸ್ ಮಂಚದ ಮೇಲೆ ಕುಳಿತುಬಿಟ್ಟ. ಇಪ್ಪತ್ತೈದು ವರ್ಷ ಕಫೀಲ್, ಮಂದೂಬ್ ಎಂಬ ಎರಡು ಪದಗಳ ನಡುವೆ ಒದ್ದಾಡಿದ್ದನೇ ಹೊರತು, ತನ್ನದೇ ಪಟ್ಟಿಯ ಕ್ರಮ ಅವನಿಗೆ ಹೊಳೆದಿರಲಿಲ್ಲ. ಹೆಂಡತಿಯ ಮೇಲೆ ಅವನಿಗೆ ಉಕ್ಕಿಬಂದ ಪ್ರೀತಿಯನ್ನು ಹೇಳಲು ಹೋದರೆ ಅವಳು ಸೂಟ್‌ಕೇಸಿನ ಮೇಲೆ ಕೂರಿ, ಮುಚ್ಚಳ ಮುಚ್ಚುತ್ತಿಲ್ಲ ಎಂದಳು. ಅವನು ಕುಳಿತ. ಆದರೆ ಕುಳಿತಲ್ಲೇ ಇನ್ನೊಂದು ತೊಡಕು ಕಂಡಿತು. ಆ ಕೀಲಿಕೈ ಖಲ್ಫಾನರದ್ದಲ್ಲ, ಕಂಪನಿಯದ್ದು. ಕೊಡುವ ಅಧಿಕಾರ ಅವರಿಗಿರಲಿಲ್ಲ. ತೆರೆಯ ಮೇಲೆ ಹಾಗೆ ಬರೆದರೆ, ಯಜಮಾನರ ಕಣ್ಣು ತಪ್ಪಿಸಿ ಅವರ ಗೋದಾಮನ್ನು ಬಳಸಿದೆವು ಎಂದು ಮಗಳೆದುರು ಒಪ್ಪಿಕೊಂಡಂತೆ. ಒಪ್ಪಿಕೊಳ್ಳುವುದಾದರೆ ಕತ್ತಲ ಹಾಲಿನಲ್ಲಲ್ಲ, ಎದುರಿಗೆ ಹೋಗಿ ಒಪ್ಪಿಕೊಳ್ಳಬೇಕು ಎಂದು ಅವನು ನಿರ್ಧರಿಸಿದ.

ಮರುದಿನ ಬೆಳಿಗ್ಗೆ ಅಲ್ ಖುವೈರ್‌ನ ಆಫೀಸಿನಲ್ಲಿ ರಹ್ಮಾ ಅವರ ಎದುರು ಕುಳಿತು ಎಲ್ಲವನ್ನೂ ಹೇಳಿದ. ವಿಮಾನ ನಿಲ್ದಾಣ, ಅರ್ಬಾಬ್, ಕೀಲಿಕೈ, ಮೂವತ್ತೊಂದು ಶುಕ್ರವಾರ. ತಪ್ಪು ನನ್ನದು ಮೇಡಂ, ಖಲ್ಫಾನ್ ಅವರಿಗೆ ನನ್ನ ನಂಬಿಕೆ ಒಡೆಯಲು ಮನಸ್ಸಾಗಲಿಲ್ಲ, ಅಷ್ಟೇ ಎಂದ. ರಹ್ಮಾ ಅರ್ಧದಲ್ಲೇ ಮುಗುಳ್ನಗಲು ಶುರುಮಾಡಿದ್ದರು. ಮುಗಿದ ಮೇಲೆ, ನಿಮಗೆ ಬುರೈಮಿಯ ವಿಷಯ ಗೊತ್ತಿಲ್ಲವೇ ಎಂದು ಕೇಳಿದರು.

ಪಿಯುಸನಿಗೆ ಏನೂ ಗೊತ್ತಿರಲಿಲ್ಲ. ಆಗ ರಹ್ಮಾ ಹೇಳಿದ ಸಂಗತಿ ಇದು. ಶುಕ್ರವಾರಗಳಂದು ಗೋದಾಮಿನಲ್ಲಿ ಜನ ಸೇರುತ್ತಾರೆ ಎಂದು ಕಾವಲುಗಾರ ಯಜಮಾನರಿಗೆ ಹೇಳಿದ್ದ. ಯಜಮಾನರು ಕಿಡಿಕಿಡಿಯಾಗಿ ಖಲ್ಫಾನರನ್ನು ಕರೆಸಿದರು. ಖಲ್ಫಾನ್ ಏನೂ ಮುಚ್ಚಿಡಲಿಲ್ಲ. ನಾನು ಮಾತು ಕೊಟ್ಟಾಗಿದೆ, ಅವರಿಗೆ ಇನ್ನು ಹನ್ನೊಂದು ಶುಕ್ರವಾರ ಬೇಕು, ಅದನ್ನು ಮುಗಿಸಲು ಬಿಡಿ, ನನಗೆ ಏನು ಶಿಕ್ಷೆ ಬೇಕಾದರೂ ಕೊಡಿ ಎಂದರಂತೆ. ಇನ್ನೊಂದನ್ನೂ ಕೇಳಿಕೊಂಡರಂತೆ. ಆ ಇಂಡಿಯಾದವನು ನನ್ನನ್ನು ಯಜಮಾನ ಅಂದುಕೊಂಡಿದ್ದಾನೆ, ಅವನಿಗೆ ಯಾರೂ ಹೇಳುವುದು ಬೇಡ ಎಂದು. ಯಜಮಾನರು ಎರಡನ್ನೂ ಒಪ್ಪಿದರು, ಶಿಕ್ಷೆಯನ್ನೂ ಕೊಟ್ಟರು: ಹೆಂಡತಿ ಮಕ್ಕಳನ್ನು ಬಿಟ್ಟು ಒಂದು ವರ್ಷ ಬುರೈಮಿಯ ಉಗ್ರಾಣದಲ್ಲಿ ಕೆಲಸ.

"ಖಲ್ಫಾನ್ ನನ್ನ ಹತ್ತಿರ ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಸಲ ಅಂತ ನನ್ನ ತಂದೆ ಕೊನೆಗಾಲದಲ್ಲಿ ಹೇಳ್ತಿದ್ದರು" ಎಂದರು ರಹ್ಮಾ.

ಪಿಯುಸ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿದ, ಮತ್ತೆ ತೆಗೆದ. ವ್ಯವಹಾರ ನೋಡಿಕೊಳ್ಳಲಿಕ್ಕಿದೆ ಎಂದು ಎಷ್ಟು ಗತ್ತಿನಿಂದ ಹೇಳಿ ಹೋಗಿದ್ದರು ಆ ಮನುಷ್ಯ. ತಾನು ಇಲ್ಲಿ ಗೋಣಿತಾಟಿನ ತೆಂಗಿನ ಮರದ ಕೆಳಗೆ ನಾಟಕ ಆಡಿಸುತ್ತಿದ್ದಾಗ ಅವರು ಅಲ್ಲಿ ಒಬ್ಬರೇ ಕುಳಿತು ತನ್ನ ಹನ್ನೊಂದು ಶುಕ್ರವಾರಗಳಿಗೆ ಬೆಲೆ ತೆತ್ತಿದ್ದರು. ಅವನಿಗೆ ನಾಚಿಕೆಯಾಯಿತು, ಅದರ ಜೊತೆಗೇ ಹೇಳಲಾಗದಷ್ಟು ಸಂತೋಷವೂ ಆಯಿತು. ತನ್ನಂಥ ಒಬ್ಬ ಸ್ಟೋರ್ ಕೀಪರಿಗಾಗಿ ಯಾರೋ ಅಷ್ಟು ಮಾಡಿದ್ದರಲ್ಲ.

ಪಟ್ಟಿಯ ಮೊದಲ ಕಾರ್ಡಿಗೆ ಬೇಕಾದ ಅರಬಿ ಸಾಲನ್ನು ರಹ್ಮಾ ತಾವೇ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಪಿಯುಸ್ ಅದನ್ನು ಜೇಬಿನಲ್ಲಿಟ್ಟುಕೊಂಡು ನೇರ ಘಾಲಾಕ್ಕೆ ಬಂದು ರೋಹನ್‌ನ ಮುಂದೆ ಇಟ್ಟ. ರೋಹನ್ ಕಥೆಯನ್ನೆಲ್ಲ ಕೇಳಿದ. ಆಮೇಲೆ ತಾನಾಗಿಯೇ ನಡುವಿನ ಹಾಡಿನಲ್ಲಿ ಒಂದು ಚರಣ ಕತ್ತರಿಸಿ, ಪಟ್ಟಿಗೆ ಬೇಕಾದ ಸಮಯ ಹೊಂದಿಸಿದ.

ಶುಕ್ರವಾರ ಒಂಬತ್ತಕ್ಕೆ ಹಾಲ್ ತುಂಬಿತ್ತು. ಸೀರೆ ಕೊಟ್ಟವರು, ಕಾರು ಕೊಟ್ಟವರು, ಪದಾರ್ಥ ಮಾಡಿದವರು ಎಲ್ಲರೂ ತಮ್ಮ ತಮ್ಮ ಹೆಸರಿಗೆ ಸಜ್ಜಾಗಿ ಕುಳಿತಿದ್ದರು. ರಹ್ಮಾ ಮುಂದಿನ ಸಾಲಿನ ಈ ತುದಿಯಲ್ಲಿ. ಆ ತುದಿಯಲ್ಲಿ ಹಮೂದ್ ಮತ್ತು ಮನೆಯವರು, ಅವರ ನಡುವೆ ಹೊಸ ರುಮಾಲು ಸುತ್ತಿದ ಖಲ್ಫಾನ್, ಊರುಗೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು. ಹಾಗೆ ಹಿಡಿದದ್ದು ಯಾಕೆಂದು ಪಿಯುಸನಿಗೆ ಆಮೇಲೆ ತಿಳಿಯಿತು. ಅವನು ಕುಳಿತುಕೊಳ್ಳಲಾರದೆ ಪಕ್ಕದ ಗೋಡೆಗೆ ಒರಗಿ ನಿಂತಿದ್ದ.

ದೀಪ ಆರಿತು. ಮೊದಲ ಕಾರ್ಡು ಬಂತು, ಮೇಲೆ ಕನ್ನಡ, ಕೆಳಗೆ ಅರಬಿ. 'ಘಾಲಾ ಗೋದಾಮಿನ ಕೀಲಿಕೈ ಕೊಟ್ಟವರು: ಖಲ್ಫಾನ್.' ಬೇರೆ ಕಾರ್ಡುಗಳು ಮೂರು ಸೆಕೆಂಡು ನಿಲ್ಲುತ್ತವೆ, ಇದು ಹತ್ತು ಸೆಕೆಂಡು ನಿಂತಿತು. ಮೊದಲು ಚಪ್ಪಾಳೆ ತಟ್ಟಿದವರು ರಹ್ಮಾ. ಆಮೇಲೆ ಇಡೀ ಹಾಲ್. ಖಲ್ಫಾನ್ ತುಟಿ ಆಡಿಸುತ್ತಾ ಒಂದೊಂದೇ ಅಕ್ಷರ ಓದಿದ್ದು ಪಿಯುಸನಿಗೆ ಕಂಡಿತು. ಓದಿ ಮುಗಿದ ಮೇಲೆ ಅವರು ಊರುಗೋಲನ್ನು ಪಕ್ಕಕ್ಕಿಟ್ಟು ಹಿಂದಕ್ಕೆ ಒರಗಿ ಕುಳಿತರು. ನಂತರದ ಎರಡು ಗಂಟೆಯಲ್ಲಿ ಸಮೋಸಾಕ್ಕೂ ಏಳಲಿಲ್ಲ.

ಹನ್ನೊಂದೂವರೆಗೆ ಹೊರಗೆ ಬಂದಾಗ ಜನ ಪಿಯುಸನನ್ನು ಮುತ್ತಿಕೊಂಡರು. ಖಲ್ಫಾನ್ ಮಗನ ತೋಳು ಹಿಡಿದು ಜನರ ನಡುವೆಯೇ ದಾರಿ ಮಾಡಿಕೊಂಡು ಬಂದು ನಿಂತರು. ನಮಾಜಿಗೆ ಹೊತ್ತಾಗುತ್ತದೆ, ಒಂದು ಮಾತು ಹೇಳಿ ಹೋಗುತ್ತೇನೆ ಎಂದರು. ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ, ನಿಧಾನವಾಗಿ ಹೇಳಿದರು.

"ಆರು ಸಿನಿಮಾಕ್ಕೂ ಕರೆದೆ, ನಾನು ಬರಲಿಲ್ಲ. ನೀನು ಪಟ್ಟಿಯಲ್ಲಿ ನನ್ನನ್ನು ಕಫೀಲ್ ಅಂತ ಹಾಕ್ತೀಯ, ಯಜಮಾನರ ಎದುರು ನಾನು ಎಲ್ಲಿ ಮುಖ ಇಟ್ಕೊಳ್ಳಲಿ ಅಂತ ಹೆದರಿದ್ದೆ. ಇವತ್ತೂ ಹೆದರಿಕೊಂಡೇ ಬಂದೆ."

ಪಿಯುಸ್ ಏನೋ ಹೇಳಹೊರಟ. ಮುದುಕರು ಕೈ ಎತ್ತಿ ತಡೆದು, ಮಗನ ಕಡೆ ತಿರುಗಿದರು.

"ನಾನು ಕಫೀಲ್ ಆಗಿರಲಿಲ್ಲ ಹಮೂದ್. ಮಂದೂಬ್ ಆಗಿದ್ದೆ. ಕೀಲಿಕೈ ಕೊಟ್ಟದ್ದು ಮಾತ್ರ ಸತ್ಯ."

ಹಮೂದ್ ಒಮ್ಮೆ ತಂದೆಯನ್ನು, ಒಮ್ಮೆ ಪಿಯುಸನನ್ನು ನೋಡಿದ. ಆಮೇಲೆ ಬಾಗಿ ತಂದೆಯ ಹಣೆಗೆ ಮುತ್ತಿಟ್ಟ. ನನಗೆ ಎಂದೋ ಗೊತ್ತಿತ್ತು ಅರ್ಬಾಬ್, ಮೊದಲ ಸಿನಿಮಾಕ್ಕೆ ಮುಂಚೆಯೇ ಎಂದು ಪಿಯುಸ್ ಹೇಳಿದ. ಬುರೈಮಿಯ ವಿಷಯ ಎತ್ತಲು ಹೋಗಿ ಅಲ್ಲಿಗೇ ಬಿಟ್ಟ. ಅವರ ಎರಡೂ ಕೈಗಳನ್ನು ವಿಮಾನ ನಿಲ್ದಾಣದಲ್ಲಿ ಹಿಡಿದಂತೆಯೇ ಹಿಡಿದುಕೊಂಡ. ಇಷ್ಟು ವರ್ಷ ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ತಿಳಿಯದಂತೆ ಕಾಪಾಡಿಕೊಂಡು ಬಂದಿದ್ದರು. ಖಲ್ಫಾನ್ ನಗತೊಡಗಿದರು. ಹಾಗಾದರೆ ಆ ಆರು ಸಿನಿಮಾ ಸುಮ್ಮನೆ ತಪ್ಪಿಸಿಕೊಂಡೆನಲ್ಲ, ಯಾವಾಗ ತೋರಿಸುತ್ತೀ ಎಂದು ಕೇಳಿದರು.

ಶನಿವಾರದ ಟಿಕೆಟನ್ನು ಪಿಯುಸ್ ಒಂದು ವಾರ ಮುಂದೆ ಹಾಕಿಸಿದ. ವಿಕ್ಟೋರಿಯಾ ಕಟ್ಟಿದ್ದ ಪೆಟ್ಟಿಗೆಯನ್ನು ಮತ್ತೆ ಬಿಚ್ಚುತ್ತಾ ಗೊಣಗಿದಳು, ಆದರೆ ಸಂಜೆ ಅಲ್ ಮಬೇಲಾಕ್ಕೆ ಹೊರಡುವಾಗ ಒಂದು ಡಬ್ಬಿ ತುಂಬ ಕರ್ಜಿಕಾಯಿಯಂಥ ಸಿಹಿ ನೆವ್ರಿ ಮಾಡಿಟ್ಟುಕೊಂಡಿದ್ದಳು. ರೋಹನ್ ಸ್ಟುಡಿಯೊದಿಂದ ಪ್ರೊಜೆಕ್ಟರ್ ತಂದು ಮಜ್ಲಿಸಿನ ಬಿಳಿ ಗೋಡೆಗೆ ಬೆಳಕು ಬಿಟ್ಟ. ಆರು ಸಂಜೆ, ಆರು ಸಿನಿಮಾ ಎಂದು ತೀರ್ಮಾನವಾಗಿತ್ತು. ಸೂರ್ಯಾಸ್ತದ ಮಗ್ರಿಬ್ ನಮಾಜು ಮುಗಿಸಿ ಖಲ್ಫಾನ್ ದಿಂಬಿಗೆ ಒರಗಿದರು, ಪಕ್ಕದಲ್ಲಿ ಪಿಯುಸ್, ಸುತ್ತ ಮನೆಮಂದಿ. ಕಹ್ವಾದ ಲೋಟ ಕೈಯಿಂದ ಕೈಗೆ ಹೋಗುತ್ತಿತ್ತು.

ಮೊದಲ ಸಿನಿಮಾ ಹಳೆಯ ಟೇಪಿನಿಂದ ತೆಗೆದದ್ದು, ಬಣ್ಣ ಮಾಸಿತ್ತು. ನಾಯಕನಿಗೆ ಮೀಸೆ ಬಂತು, ಹೋಯಿತು. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಪಿಯುಸನೂ ನಕ್ಕ. ತಾಯಿ ಅಳುವ ದೃಶ್ಯ ಬಂತು. ಅವಳ ಬೆನ್ನ ಹಿಂದೆ ತೆಂಗಿನ ಮರದ ಗೋಣಿ ಜಾರಿತು, ಕಬ್ಬಿಣದ ಕಂಬ ಕಂಡಿತು, ಕೆಂಪು ಅಂಕಿಯೂ ಕಂಡಿತು.

ಖಲ್ಫಾನ್ ಒರಗಿದ್ದವರು ಎದ್ದು ಕುಳಿತು, ಊರುಗೋಲನ್ನು ಗೋಡೆಯ ಕಡೆ ಚಾಚಿ ತೋರಿಸಿದರು.

"ನೋಡಿ, ನಾಲ್ಕನೇ ಕಂಬ. ಅದು ನನ್ನ ಗೋದಾಮು."

ಹಮೂದ್ ಸುಮ್ಮನೆ ನಗುತ್ತಾ ಪಿಯುಸನ ಲೋಟಕ್ಕೆ ಕಹ್ವಾ ಹಾಕಿದ.

"ಹೌದು ಅರ್ಬಾಬ್" ಎಂದ ಪಿಯುಸ್, "ನಿಮ್ಮದೇ."